ಬೋಗುಣಿ

ಕಾರವಾರದ ಭಾನುವಾರದ ಸಂತೆಯಲ್ಲಿ,
ರೈಲು ಇನ್ನೂ ಬಾರದಿದ್ದ ವರ್ಷ,
ಬೆಳಚು ಮಾರುವವಳ ಮೊಣಕಾಲ ಬಳಿ
ಅಂಚು ಅಲೆಅಲೆಯಾದ ಕರಿಯ ಬೋಗುಣಿ.
ರೇಡಿಯೋ ರಿಪೇರಿಯವನ ಕಣ್ಣು, ಬಿಡಲಿಲ್ಲ.
ಮುಟ್ಟಿದೆ. ಬೆರಳಿಗೆ ಗೆರೆ,
ಗೆರೆಯ ಪಕ್ಕ ಗೆರೆ, ಅದರ ಪಕ್ಕ ಇನ್ನೊಂದು.
ಬಿಸಿನೀರಲ್ಲಿ ಅದ್ದಿ, ಕೊಡದ ಬೆನ್ನಿಗೆ ಒತ್ತಿ
ಯಾರೋ ಬಗ್ಗಿಸಿದ್ದರು ಒಂದು ಪ್ಲೇಟನ್ನು.
ನಡುವಿನ ತೂತಿಗೆ ಡಾಂಬರು.
ಡಾಂಬರಿನ ಸುತ್ತ ಉಳಿದ ಕೆಂಪು ಕಾಗದದಲ್ಲಿ
ಅರ್ಧ ಕಂಪನಿ, ಕಾಲು ಚಿತ್ರ,
ಮತ್ತು ಹಾಡಿದವಳ ಹೆಸರು: ಸೋನಕಲಿ.

"ಹನ್ನೆರಡು ರೂಪಾಯಿ. ಬೆಳಚು ಬೇರೆ."
ಚೌಕಾಸಿ ಮಾಡಲಿಲ್ಲ ನಾನು.
ಅವಳಿಗೆ ಅನುಮಾನ ಬಂತು.

ಸೋನಕಲಿ ಅಂತ ಯಾರೂ ಇರಲಿಲ್ಲ.
ಅವಳು ಕತೆಯ ಹುಡುಗಿ.
ಎರಡನೇ ರೀಲಿನಲ್ಲಿ ಬಾವಿಕಟ್ಟೆಗೆ ಬಂದು
ಒಂಬತ್ತನೆಯದರಲ್ಲಿ ಕೆಮ್ಮಿ ಕೆಮ್ಮಿ ಸಾಯುವವಳು.
ಆ ಕಾಲದ ಪ್ಲೇಟುಗಳ ಮೇಲೆ ಹಾಗೇ,
ಪರದೆಯ ಮೇಲೆ ಸತ್ತವಳ ಹೆಸರು ಇರುತ್ತಿತ್ತು,
ಪರದೆಯ ಹಿಂದೆ ಬದುಕಿದವಳದಲ್ಲ.

ಬದುಕಿದವರು ಕೋಡಿಬಾಗದಲ್ಲಿದ್ದರು,
ಕಾಳಿಯ ನೀರು ಉಪ್ಪಾಗುವ ಕಡೆ.
ಶೇವಂತಿಬಾಯಿ ಮಾಜಾಳೀಕರ.
ಮಳೆ ಬಿಟ್ಟ ಮೇಲೆ ಪ್ರತಿ ವರ್ಷ ಟ್ರಾನ್ಸಿಸ್ಟರ್ ತಂದು
"ಇದರ ಗಂಟಲು ಕಟ್ಟಿದೆ, ನೋಡೋ" ಅನ್ನುವವರು.
ನಾನು ಹೋದಾಗ ಮುರುಗಲು ಒಣಹಾಕುತ್ತಿದ್ದರು,
ಕೈ ಮಣಿಕಟ್ಟಿನ ತನಕ ಕೆಂಪು.

ಬೋಗುಣಿಯನ್ನು ಮೊದಲು ಬಿಸಿಲಿಗೆ ಹಿಡಿದರು.
"ಸೋರುತ್ತದಾ?"
ಆಮೇಲೆ ಹೆಬ್ಬೆರಳಿನಿಂದ ಗೆರೆ ಸವರುತ್ತ
ಹೊರಗಿನಿಂದ ಒಳಕ್ಕೆ, ಒಳಕ್ಕೆ,
ಡಾಂಬರಿನ ತನಕ ಬಂದು ನಿಂತರು.

"ಇದು ರತ್ನಾಗಿರಿ ದಾಟುವಾಗ ಹುಟ್ಟಿದ ಧಾಟಿ.
ನಮ್ಮ ಗೋಪಿನಾಥ ಮಾಸ್ತರರಿಗೆ
ಕಡಲು ಆಗಿಬರುತ್ತಿರಲಿಲ್ಲ.
ಆಗಬೋಟಿನ ಕಂಬಿ ಹಿಡಿದು ಒಂದು ವಾಂತಿ,
ಒಂದು ಸಾಲು, ಮತ್ತೆ ವಾಂತಿ.
ಅದಕ್ಕೇ ಅಂತರಾದ ನಡುವೆ
ತಾಳ ಒಂದು ಮಾತ್ರೆ ಜಾರುತ್ತದೆ.
ಜನ ಅದನ್ನು ವಿರಹ ಅಂದುಕೊಂಡರು."

ನಕ್ಕರು. ನಗು ಕೆಮ್ಮಾಯಿತು.
ಚಿತ್ರದಲ್ಲಿ ಬಂದದ್ದು ಬೇರೆಯವರ ಹೆಸರಂತೆ,
ಮಾಲೀಕನ ಭಾವಮೈದನದು,
ಅವನಿಗೆ ಪೆಟ್ಟಿಗೆಯ ತಿದಿ ಒತ್ತುವುದಕ್ಕೂ ಬಾರದು.
ಮಾಸ್ತರರು ಊರಿಗೆ ಮರಳಿ
ಬಂದರಿನಲ್ಲಿ ಮೂಟೆ ಲೆಕ್ಕ ಬರೆದರು.
ಒಂದು, ಎರಡು, ಮೂರು,
ತುಸು ತಡೆದು ನಾಲ್ಕು.
ಹಮಾಲರು ಬೈಯುತ್ತಿದ್ದರು.

ಒಂದು ಸಾಲಾದರೂ ಹೇಳಿ, ಅಂದೆ.
"ಎಷ್ಟು ಕೊಟ್ಟೆ ಇದಕ್ಕೆ?"
ಹನ್ನೆರಡು.
"ಹಾಡಿಗೆ ಹದಿನೈದು ಕೊಟ್ಟಿದ್ದರು,
ಟ್ರಾಮಿನ ಖರ್ಚು ನನ್ನದೇ.
ಪರವಾಗಿಲ್ಲವೋ, ಬೆಲೆ ಬಹಳ ಇಳಿದಿಲ್ಲ."
ಇಟ್ಟುಕೊಳ್ಳಿ ಅಂದರೆ ಇಟ್ಟುಕೊಳ್ಳಲಿಲ್ಲ.
ಮನೆಯಲ್ಲಿ ಬೋಗುಣಿಗೇನು ಬರ?
ಬಾಗಿಲ ತನಕ ಬಂದು, ತಗ್ಗಿದ ದನಿಯಲ್ಲಿ,
"ಎರಡನೇ ಸಲ ಹಾಡಿದ್ದು ಚೆನ್ನಾಗಿತ್ತು.
ಮೇಣ ದುಬಾರಿ ಅಂತ ಮೊದಲನೆಯದನ್ನೇ ಇಟ್ಟುಕೊಂಡರು."

ಆ ರಾತ್ರಿ ಅಂಗಡಿಯ ಮೇಜಿನ ಮೇಲೆ
ಬೋಗುಣಿಗೆ ನೀರು, ಚಿಟಿಕೆ ಉಪ್ಪು, ಬೆಳಚು.
ಮರಳು ಉಗುಳಲಿ ಅಂತ ಬಿಟ್ಟು
ದೀಪ ಆರಿಸಿದೆ.
ಬಾಗಿಲು ಎಳೆಯುವಷ್ಟರಲ್ಲಿ ಕೇಳಿಸಿತು
ಚಿರ್, ಸುಂಯ್, ಚಿಟ್,
ಮುಳ್ಳು ಈಗಷ್ಟೇ ಪ್ಲೇಟಿಗೆ ಇಳಿದ ಹಾಗೆ,
ಹಾಡಿಗೆ ಮೊದಲಿನ ಆ ಸವೆತದ ಮಳೆ.
ಚಿಲಕದ ಮೇಲೆ ಕೈಯಿಟ್ಟು ನಿಂತೆ.
ಸಾರಂಗಿ ಬರಬೇಕು ಈಗ.
ಈಗ.

ಎಷ್ಟು ಹೊತ್ತು ನಿಂತಿದ್ದೆನೋ.
ಸಮುದ್ರದ ಕಡೆಯಿಂದ ಒಂದು ಲಾರಿ ಹೋಯಿತು.

ಬೆಳಿಗ್ಗೆ ನೀರು ಚೆಲ್ಲಿದರೆ
ಗೆರೆಗೆರೆಯಲ್ಲೂ ಸಣ್ಣ ಮರಳು.
ಹಳೆಯ ಬ್ರಷ್ಷು ಹುಡುಕಿ ಕೂತೆ.
ಗೆರೆಯ ಜೊತೆಜೊತೆಗೇ ಉಜ್ಜಬೇಕು,
ಅಡ್ಡ ಉಜ್ಜಿದರೆ ದನಿ ಹೋಗುತ್ತದೆ.