ಆದ್ದರಿಂದ

ಕಿರುಗಾವಲಿನ ಕಾಲೇಜಿಗೆ ಮತ್ತೆ ಹೆಸರು ಬದಲಾಯಿತಂತೆ,
ಏಣಿ ತಗೊಂಡು ಬಾ ಅಂತ ಫೋನು.
ಬಂದೆ.
ಉಪ್ಪುಕಾಗದ ಹಾಕಿ ತಗಡು ಉಜ್ಜಿದರೆ
ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕಂದು,
ಕಂದಿನಲ್ಲಿ ನಮ್ಮಪ್ಪನ ಕೈ:
ಸರ್ಕಾರಿ ಜೂನಿಯರ್ ಕಾಲೇಜು.
'ಜೂ'ವಿನ ಬಾಲ ಅಷ್ಟುದ್ದ ಎಳೆದದ್ದಕ್ಕೆ
ಅವತ್ತಿನ ಪ್ರಿನ್ಸಿಪಾಲರು ಹತ್ತು ರೂಪಾಯಿ ಹಿಡಿದುಕೊಂಡಿದ್ದರಂತೆ.

ನೀಲಿಯದು ನಾನು ಬರೆದ ಪದವಿಪೂರ್ವ.
ಅದರ ಬಿಲ್ಲು ಇನ್ನೂ ಆಗಿಲ್ಲ.
ಗುಮಾಸ್ತ ಸಿದ್ದಪ್ಪಾಜಿ ಹೇಳುತ್ತಾನೆ:
"ಬರೆಸಿದ ಇಲಾಖೆನೇ ಈಗ ಇಲ್ಲ ಕಣೋ,
ಇನ್ನೊಂದರ ಒಳಕ್ಕೆ ಸೇರ್ಕಂಡದೆ.
ಲೆಕ್ಕಶೀರ್ಷಿಕೆ ಬರ್ಲಿ, ತಡಿ."
ತಡೆದಿದ್ದೇನೆ, ಮೂರು ಮಾರ್ಚಿ.

ಒಂದನೇ ಕ್ಲಾಸಿಂದ ಹನ್ನೆರಡರ ತನಕ
ಇನ್ನು ಒಂದೇ ಆಡಳಿತ, ಒಂದೇ ಗಂಟೆ,
ಮುಖ ತೋರಿಸಿದರೆ ಹಾಜರಿ.
ಸಿಗ್ನಲ್ಲು ಸಿಗುವುದು ನೀರಿನ ಟ್ಯಾಂಕಿನ ಬುಡದಲ್ಲಿ ಮಾತ್ರ.
ಮೇಷ್ಟ್ರುಗಳೆಲ್ಲ ಅಲ್ಲಿ ಸಾಲು ನಿಂತು
ಮೊಬೈಲಿಗೆ ಮುಖ ಕೊಡುವುದನ್ನು
ಚಿಕ್ಕ ಮಕ್ಕಳು ಎಣಿಸಿ ಎಣಿಸಿ ನಗುತ್ತವೆ.

ಗೋಡೆಯ ಕೆಲಸವೂ ಇತ್ತು.
ವಿಷಯಗಳ ಪಟ್ಟಿಯಲ್ಲಿ ತರ್ಕಶಾಸ್ತ್ರ ಅಳಿಸು, ಉಳಿದದ್ದು ಇರಲಿ.
ಒಂದೇ ಪದ, ಐವತ್ತು ರೂಪಾಯಿ.

ಆ ಪದದೊಳಗೆ ವಸುಂಧರಾ ಮೇಡಂ ಇದ್ದರು,
ಹನ್ನೊಂದು ವರ್ಷದಿಂದ ಅತಿಥಿ.
ನಮ್ಮ ಕಡೆ ಮೂರು ದಿನ ದಾಟಿದ ನೆಂಟರಿಗೆ
ಎಲೆ ಹಾಕುವ ಕೈ ಸೋಲುತ್ತದೆ;
ಸರ್ಕಾರ ಹನ್ನೊಂದು ವರ್ಷ ಹಾಕಿತು,
ಬೇಸಿಗೆ ರಜೆ ಬಿಟ್ಟು.
ಅವರು ಬಂದ ಮೊದಲ ವರ್ಷದ ಹುಡುಗ ನಾನು.
ನಾಲ್ಕು ಮಾರ್ಕಿಗೆ ಫೇಲಾದವನಿಗೆ ಇಷ್ಟು ನೆನಪಿದೆ:
ಮೇಲೆ ಎರಡು ಮಾತು, ಒಂದು ಗೆರೆ,
ಗೆರೆಯ ಕೆಳಗೆ ಆದ್ದರಿಂದ.

ಅವತ್ತೇ ಕೊನೆಯ ಕ್ಲಾಸು.
ಕಿಟಕಿಯಾಚೆ ಏಣಿಯ ಮೇಲೆ ನಾನು, ಒಳಗೆ ಏಳು ಜನ.
ಮೇಡಂ ಬರೆದರು:

ಹದಿನೈದಕ್ಕಿಂತ ಕಡಿಮೆ ಮಕ್ಕಳಿರುವ ವಿಷಯ ಮುಚ್ಚತಕ್ಕದ್ದು.
ಈ ವಿಷಯಕ್ಕೆ ಏಳು ಮಕ್ಕಳು.
ಗೆರೆ ಎಳೆದರು.
ಆದ್ದರಿಂದ

ಸೀಮೆಸುಣ್ಣ ಅಲ್ಲೇ ನಿಂತಿತು.
ಹಿಂದಿನ ಬೆಂಚಿನ ಇಂಚರ ಎದ್ದಳು:
"ಮೇಡಂ, ಮೊದಲನೇ ಮಾತು ಸರಿ ಅಂತ
ಯಾರು ತೋರಿಸಿಕೊಟ್ಟಿದ್ದು?"
ಮೇಡಂ ನಕ್ಕರೋ ಏನೋ, ನನಗೆ ಬೆನ್ನು ಕಾಣುತ್ತಿತ್ತು.
"ಹತ್ತಕ್ಕೆ ಹತ್ತು, ಕೂತ್ಕೋ" ಅಂದರು.

ನಾಲ್ವರು ಮಳವಳ್ಳಿಗೆ, ಏಳೂಮುಕ್ಕಾಲರ ಬಸ್ಸಿಗೆ.
ಇಬ್ಬರು ಇಲ್ಲೇ, ಸಮಾಜಶಾಸ್ತ್ರಕ್ಕೆ.
ಇಂಚರಳನ್ನು ಎಲ್ಲಿಗೆ ಸೇರಿಸಿದರೋ
ಸಿದ್ದಪ್ಪಾಜಿಯ ಕಂಪ್ಯೂಟರಿಗೂ ತಿಳಿಯದು;
ಅವಳ ನಂಬರು ಹೊಡೆದರೆ ಚಕ್ರ ತಿರುಗುತ್ತದೆ.

ಸಂಜೆ ಗೋಡೆಗೆ ಬಿಳಿ ಬಳಿದೆ.
ಒಣಗಿದ ಮೇಲೆ ನೋಡಿದರೆ
'ತರ್ಕ' ಮಂಕಾಗಿದೆ, ಹೋಗಿಲ್ಲ;
ಓರೆ ಬಿಸಿಲಿಗೆ ನಿಂತರೆ ಓದಬಹುದು.
ಎರಡನೇ ಸಲದ ಬಣ್ಣಕ್ಕೆ ಮಂಜೂರಾತಿ ಇಲ್ಲ.
ಆದ್ದರಿಂದ
ಬ್ರಷ್ಷು ತೊಳೆದು, ಏಣಿ ಹೊತ್ತು
ಬಂದುಬಿಟ್ಟೆ.