ನಲವತ್ತೊಂದನೇ ಜಾಡಿ

ಈ ಜಾಡಿಗೆ ಮೂರು ಸಲ ಹೆಸರಾಗಿದೆ.
ಇಟ್ಟದ್ದು ನಾನಲ್ಲ, ಅಂಟಿಸಿದ್ದು ನಾನು,
ಮೈದಾ ಕಾಯಿಸಿ, ಹುಳ ಬೀಳದ ಹಾಗೆ
ಚಿಟಿಕೆ ಮೈಲುತುತ್ತ ಬೆರೆಸಿ.
ಚಿಕ್ಕಮಗಳೂರಿನ ಕಾಲೇಜಿನ ಸಸ್ಯಶಾಸ್ತ್ರದ ಕೋಣೆಯಲ್ಲಿ
ಶೇಖಬ್ಬ ಅಂದರೆ ಬೀಗದ ಕೈ, ಸ್ಪಿರಿಟ್ ದೀಪ,
ಒಡೆದ ಗಾಜಿನ ಲೆಕ್ಕ.

ಅವತ್ತು ಜನವರಿ. ಬಣಕಲ್ಲಿನ ಆಚೆ ಬಸ್ಸಿಳಿದು
ಐರಿನ್ ಮೇಡಂ ಸೀರೆ ಮೇಲಕ್ಕೆ ಸಿಕ್ಕಿಸಿ
ಹಳ್ಳಕ್ಕಿಳಿದರು.
"ಕೆಂಪು ಪಾಚಿ ಬೇಕು ಶೇಖಬ್ಬ.
ಬಳಗವೆಲ್ಲ ಕಡಲಲ್ಲಿ, ಇದೊಂದು ಕವಲು
ಸಿಹಿನೀರಿಗೆ ಬಂದು ಕೂತಿದೆ."
ನಾನು ಕೆಂಪು ಹುಡುಕಿದೆ.
ಹಿಮ್ಮಡಿ ಮರಗಟ್ಟುವ ತನಕ ಹುಡುಕಿದೆ.
ಸಿಕ್ಕಿದ್ದು ಹಂಚಿನ ಚೂರು, ಒಂದು ಒಡೆದ ಬಳೆ.

ಏಡಿ ಹಿಡಿಯುತ್ತಿದ್ದ ಹೂವಕ್ಕ ಕಲ್ಲೊಂದು ಮಗುಚಿದಳು:
"ಕಪ್ಪೆಲೋಳೆಯಾ? ಇಕಾ, ಬೇಕಾದಷ್ಟು."
ಕಲ್ಲಿನ ಬೆನ್ನಿಗೆ ಗೇಣುದ್ದದ ಜಡೆ,
ಹಳೇ ಉಪ್ಪಿನಕಾಯಿಯ ಬಣ್ಣ,
ಹಿಡಿದರೆ ಹಿಡಿದದ್ದೇ ತಿಳಿಯದಷ್ಟು ಮೆತ್ತಗೆ.
ಮೇಡಂ ಪುಸ್ತಕ ತೆಗೆದರು, ಓದಿದರು, ನಕ್ಕರು.
ಬ್ಯಾಟ್ರಕೊಸ್ಪರ್ಮಮ್:
ಗ್ರೀಕಿನಲ್ಲಿ ಕಪ್ಪೆಯ ಬೀಜ.
"ಮತ್ತೆ? ನಾ ಅಂದಿದ್ದೂ ಅದೇ ಅಲ್ವಾ,"
ಹೂವಕ್ಕ ಏಡಿಯ ಕೊಂಬು ಮುರಿದಳು.

ಮಾರನೆಯ ದಿನ ಸೂಕ್ಷ್ಮದರ್ಶಕದ ಕನ್ನಡಿಯನ್ನು
ಕಿಟಕಿಗೆ ತಿರುಗಿಸಿ "ನೀನೂ ನೋಡು" ಅಂದರು.
ಹನ್ನೊಂದು ವರ್ಷ ಒರೆಸಿದ ಮಸೂರ.
ಒಳಗೆ ನೋಡಿರಲಿಲ್ಲ.

ನಡುವೆ ಒಂದೇ ಸಾಲು ಕೋಶ, ದಾರದ ಹಾಗೆ.
ಗೆಣ್ಣುಗೆಣ್ಣಿಗೂ ಸುತ್ತ ಕವಲೊಡೆದ ಕುಚ್ಚು,
ಕುಚ್ಚು ಸೇರಿ ಮಣಿ, ಮಣಿ ಸೇರಿ ಸರ,
ಸರದ ಮೇಲೆ ಲೋಳೆಯ ಹೊದಿಕೆ.
ಕೋಶಕ್ಕೂ ಕೋಶಕ್ಕೂ ನಡುವೆ ಕಿಂಡಿ,
ಕಿಂಡಿಗೊಂದು ಬೂಚು.
"ಕಡಲಿನ ನೆಂಟರಲ್ಲೂ ಇದೇ ಬೂಚು.
ಬಣ್ಣ ನಂಬಬೇಡ, ಬೂಚು ನೋಡು."
ಗಂಡು ಕಣಕ್ಕೆ ಬಾಲವಿಲ್ಲ, ಈಜು ಬಾರದು.
ನೀರು ಒಯ್ದತ್ತ ಹೋಗಿ ಹೋಗಿ
ಹೆಣ್ಣು ಚಾಚಿಕೊಂಡ ಒಂದು ಕೂದಲೆಳೆಗೆ
ತಾಗಿದರೆ ತಾಗಿತು.
ತಾಗದೆ ಹೋದದ್ದು? ಕೇಳಿದೆ.
ಮೇಡಂ ಹೇಮಾವತಿ ಎಂದರು, ಗೊರೂರು ಎಂದರು,
ಮೇಜಿನ ಧೂಳಲ್ಲಿ ಬೆರಳಿಂದ ಗೆರೆ ಎಳೆದು
ಬಂಗಾಳಕೊಲ್ಲಿ ಮುಟ್ಟಿಸಿದರು.
ಒರೆಸಬೇಕಿದ್ದ ಧೂಳು. ನನಗೆ ನಾಚಿಕೆ.

ಕಲ್ಲಿಗಂಟಿ ಇನ್ನೊಂದು ರೂಪವೂ ಇದೆಯಂತೆ ಇದಕ್ಕೆ,
ಉಗುರಿಗೂ ಸಿಗದ ಕುಳ್ಳು ತುಪ್ಪಳ.
ಹಿಂದಿನವರು ಅದನ್ನು ಬೇರೆಯೇ ಕುಲವೆಂದು ಬರೆದಿದ್ದರಂತೆ.
ಒಂದೇ ಆಸಾಮಿಗೆ ಎರಡು ರೇಷನ್ ಕಾರ್ಡು, ನಾನಂದೆ.
ಮೇಡಂ ಅದನ್ನು ಕ್ಲಾಸಿನಲ್ಲಿ ಹೇಳಿದರು,
ನನ್ನ ಹೆಸರು ಹಿಡಿದೇ ಹೇಳಿದರು.

ಆಮೇಲೆ ಕುಲ ಒಡೆಯಿತು, ಪುಸ್ತಕ ಬದಲಾಯಿತು.
ಹೆಣ್ಣುಕವಲು ನೆಟ್ಟಗಿದ್ದರೆ ಆ ಮನೆ,
ಸುರುಳಿ ಸುತ್ತಿದ್ದರೆ ಈ ಮನೆ.
ನಮ್ಮದು ಸುರುಳಿ.
ಕುಮನೋವಾ ಎಂದು ಬರೆದುಕೊಟ್ಟರು,
ಪಕ್ಕಕ್ಕೊಂದು ಪ್ರಶ್ನೆಗುರುತು.
ಮೂರನೇ ಲೇಬಲ್ಲಿಗೆ ಗುರುತು ಹೋಯಿತು,
ಜಾತಿಯ ಜಾಗದಲ್ಲಿ ಖಾಲಿ ಗೆರೆ ಉಳಿಯಿತು.
ಜಾತಿ ತುಂಬದ ಅರ್ಜಿ ನಮ್ಮ ಆಫೀಸಿನಿಂದ
ಅದೇ ಸಂಜೆ ವಾಪಸು ಬರುತ್ತದೆ.
ಇದೊಂದು ಹಾಗೇ ಇದೆ.

ಮೇಡಂ ಹಾಸನಕ್ಕೆ ವರ್ಗವಾದರು.
ಜಾಡಿಯಲ್ಲಿದ್ದದ್ದು ಫಾರ್ಮಲಿನ್ ಕುಡಿದು
ತೊಳೆದ ಅಕ್ಕಿನೀರಿನ ಬಣ್ಣಕ್ಕೆ ಬಂದಿದೆ.
ಅಂದು ಒಂದೆಳೆಯನ್ನು ತಟ್ಟೆಯ ನೀರಲ್ಲಿ ತೇಲಿಬಿಟ್ಟು
ಅಡಿಯಿಂದ ಹಾಳೆ ತೂರಿಸಿ ಎತ್ತಿದ್ದೆವು,
ಮೇಲೆ ನನ್ನ ಹಳೇ ಪಂಚೆಯ ತುಂಡು,
ದಿನಪತ್ರಿಕೆ, ಎರಡು ಇಟ್ಟಿಗೆ.
ಅಂಟಿನ ಬಟ್ಟಲಿಗೆ ಎದ್ದವನನ್ನು ತಡೆದಿದ್ದರು:
"ಅದರ ಲೋಳೆಯೇ ಸಾಕು."

ಇವತ್ತು ಬೀರು ತೆಗೆದೆ.
ಮೈಲುತುತ್ತವನ್ನೂ ಮೀರಿ ಹುಳ ಮೇಯ್ದು
ಮೂರೂ ಲೇಬಲ್ಲು ಅಂಚು ಬಿಟ್ಟಿವೆ.
ಹಾಳೆಯ ಮೇಲಿನ ಎಳೆ ಕದಲಿಲ್ಲ,
ಒಣಗುತ್ತ ಒಣಗುತ್ತ ನೇರಳೆಗೆ ತಿರುಗಿದೆ,
ತುದಿಯಲ್ಲಿ, ಬೆಳಕಿಗೆ ಓರೆ ಹಿಡಿದರೆ,
ಹೌದು, ಕೆಂಪು.

ಹೂವಕ್ಕನಿಗೆ ತೋರಿಸಬೇಕು.
ಬಣಕಲ್ ಬಸ್ಸು ಎರಡೂಕಾಲಿಗೆ,
ಈಗ ಬೀಗ ಹಾಕಿದರೆ ಸಿಗುತ್ತದೆ.