ಎರಡು ತಟ್ಟೆ ಬೂದಿ

ಬೊಟೊಲಾನ್ ಊರಾಚೆ, ಸಿಮೆಂಟ್ ಇಟ್ಟಿಗೆ ಕಾರ್ಖಾನೆಯ ಹಿಂದಿನ ಕೋಣೆ.
ಫ್ಯಾನು ಹಾಕುವಂತಿಲ್ಲ; ಹಾಕಿದರೆ
ಬೆಳಗಿನಿಂದ ತೂಗಿದ್ದೆಲ್ಲ ಹಾರಿಹೋಗುತ್ತದೆ.
ಮೇಜಿನ ಮೇಲೆ ಎರಡು ತಟ್ಟೆ:
ಎಡಕ್ಕೆ ಪಿನಾಟುಬೊ, ಬಲಕ್ಕೆ ವಿದ್ಯುತ್ ಸ್ಥಾವರ.
ಚೀಟಿ ಕಿತ್ತರೆ ಎರಡೂ ಬರೀ ಬೂದು.

ಕಣ್ಣಿಗೆ ಗೊತ್ತಾಗದ್ದು ಬೆರಳಿಗೆ ಗೊತ್ತು.
ಸ್ಥಾವರದ್ದು ಜಾರುತ್ತದೆ, ಮಗುವಿಗೆ ಹಚ್ಚುವ ಪೌಡರಿನ ಹಾಗೆ.
ಬೆಟ್ಟದ್ದು ಕಚ್ಚುತ್ತದೆ.
ಸೂಕ್ಷ್ಮದರ್ಶಕದಡಿ ಅಲ್ಲಿ ಗೋಲಿಗಳು, ಕೆಲವು ಟೊಳ್ಳು,
ನೀರಲ್ಲಿ ತೇಲುವಷ್ಟು ಹಗುರ;
ಇಲ್ಲಿ ಒಡೆದ ಗುಳ್ಳೆಗಳ ಚೂರು, ಮೂಲೆ ಮೂಲೆಗೂ ಮೊನೆ.
ಎರಡೂ ಗಾಜೇ. ಬೆಂಕಿಯಿಂದ ಗಾಳಿಗೆ ಬಿದ್ದಾಗ
ಹರಳಾಗುವ ಪುರುಸೊತ್ತು ಯಾವುದಕ್ಕೂ ಸಿಗಲಿಲ್ಲ.

ಸುಟ್ಟು ಉಳಿದದ್ದೇ ಬೂದಿ ಎನ್ನುವುದಾದರೆ
ಬೆಟ್ಟದ್ದು ಬೂದಿಯೇ ಅಲ್ಲ.
ಅಲ್ಲಿ ಏನೂ ಉರಿಯಲಿಲ್ಲ. ಕರಗಿದ ಕಲ್ಲು
ಒಳಗಿನ ಆವಿ ತಾಳಲಾರದೆ ಸಿಡಿದು ಪುಡಿಯಾಯಿತು, ಅಷ್ಟೇ.
ಇನ್ನೊಂದು, ಹಡಗಿನಲ್ಲಿ ಕಡಲು ದಾಟಿ ಬಂದ ಕಲ್ಲಿದ್ದಲು,
ಅದಕ್ಕೂ ಹಿಂದೆ ಯಾವುದೋ ಜೌಗಿನ ಕಾಡು.
ಕಾಡು ಹೊಗೆಯಾಗಿ ಹೋಯಿತು. ನನ್ನ ತಟ್ಟೆಯಲ್ಲಿರುವುದು
ಆ ಮರಗಳ ಬುಡಕ್ಕೆ ಮೆತ್ತಿದ್ದ ಕೆಸರು.
ಬೂದಿ ಕೆದಕಿ ಕೆಂಡ ಹುಡುಕುವವರಿಗೆ
ಇಲ್ಲಿ ಕೆಲಸವಿಲ್ಲ.

ಬುಧವಾರ ಅಪೊಲೋನಿಯಾ ಬಂದಳು, ಬಿಸ್ಕತ್ತಿನ ಡಬ್ಬ ಹಿಡಿದು.
ಹಳೆಯ ಮನೆ ಇದ್ದ ಕಡೆ ಅಗೆಸಿದಳಂತೆ.
ಎರಡಾಳು ಆಳದಲ್ಲಿ ಸೂರಿನ ತಗಡು, ತಗಡಿನ ಮೇಲೆ ಇದು.
"ಇದನ್ನೂ ನೋಡಪ್ಪ ಎಫ್ರೇನ್,
ಅಂಗಳಕ್ಕೆ ಹಾಸೋಕೆ ನಾಲ್ಕು ಇಟ್ಟಿಗೆ ಆದೀತಾ?"
ಆ ಜೂನ್ ತಿಂಗಳು ಬಿರುಗಾಳಿ ಮಳೆಯೂ ಒಟ್ಟಿಗೇ ಬಂದಿತ್ತು.
ನೆನೆದ ಬೂದಿ ಎಷ್ಟು ಭಾರವೆಂದು
ನನ್ನ ತಕ್ಕಡಿಗಿಂತ ಮೊದಲೇ
ಅವಳ ಜಂತಿಗಳಿಗೆ ಗೊತ್ತಾಗಿತ್ತು.

ಹೇಳಿದೆ: ಇದು ನೀರು ಜಾಸ್ತಿ ಕುಡಿಯುತ್ತದೆ ಅತ್ತೆ, ಮೈತುಂಬ ತೂತು.
ಸ್ಥಾವರದ ಗೋಲಿಗಳಾದರೆ ತಾವೂ ಉರುಳಿ
ಸಿಮೆಂಟನ್ನೂ ಉರುಳಿಸುತ್ತವೆ, ಕೆಲಸ ಸಲೀಸು.
ಆದರೆ ಅದರಲ್ಲಿ ಉರಿಯದೆ ಉಳಿದ ಮಸಿ,
ಒಮ್ಮೊಮ್ಮೆ ಸೀಸ, ಆರ್ಸೆನಿಕ್; ಲಾರಿ ಲಾರಿಗೂ ಪರೀಕ್ಷೆ ಬೇಕು.
ಸುಣ್ಣ ಸಿಕ್ಕರೆ ಎರಡೂ ಕಲ್ಲಾಗುತ್ತವೆ. ನಿಧಾನ.
ಇಪ್ಪತ್ತೆಂಟು ದಿನಕ್ಕೆ ಅರೆಬರೆ, ತೊಂಬತ್ತಕ್ಕೆ ನೋಡಬೇಕು.

"ತೊಂಬತ್ತು ದಿನ!" ನಕ್ಕಳು.
ಡಬ್ಬ ಮಾತ್ರ ವಾಪಸು ಬೇಕೆಂದಳು.

ಸಂಜೆ ಜರಡಿ ಹಿಡಿದೆ. ಎಲ್ಲ ಇಳಿದ ಮೇಲೆ
ಬಲೆಯ ಮೇಲೆ ಒಂದು ಚೂರು ಉಳಿಯಿತು:
ತುಕ್ಕು ತಗಡು, ಒಂದು ಮಗ್ಗುಲಲ್ಲಿ ಇನ್ನೂ ಹಸಿರು ಬಣ್ಣ.
ವರದಿಯಲ್ಲಿ 'ಇತರೆ' ಎಂಬ ಕಾಲಂ ಇದೆ.
ಸೊನ್ನೆ ಬಿಂದು ಮೂರು ಗ್ರಾಂ, ಬರೆದೆ.
ಚೂರನ್ನು ಡಬ್ಬಕ್ಕೆ ಹಾಕಿದೆ.
ಹೇಗೂ ವಾಪಸು ಕೇಳಿದ್ದಳಲ್ಲ.